ಮೊದಲು ಧ್ವನಿ, ಆಮೇಲೆ ಚಿತ್ರ: ತೋಟದ ಮನೆಯಲ್ಲೇ ತರಬೇತಿ ವಿಡಿಯೊ ಮಾಡುವ ಬಗೆ

ಮೇ ತಿಂಗಳ ಕೊನೆಯ ವಾರ. ಮಳೆ ಹಿಡಿಯುವ ಮುಂಚೆ ಮೆಣಸಿನ ಬಳ್ಳಿಗೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆದು ಮುಗಿಸಬೇಕೆಂದು ಇಡೀ ಕೊಡಗು ಡ್ರಮ್ಮು, ಪೈಪು ಹಿಡಿದು ಓಡಾಡುವ ಹೊತ್ತು. ಸುಂಟಿಕೊಪ್ಪದ ಕಡೆಯ ತೋಟವೊಂದರ ರೈಟರ್ (ಲೆಕ್ಕ, ಕೆಲಸ ನೋಡಿಕೊಳ್ಳುವ ಗುಮಾಸ್ತರು) ಫೋನ್ ಮಾಡಿದರು. "ಸಾರ್, ನಿಮ್ಮ ವಿಡಿಯೊ ನೋಡ್ಕೊಂಡೇ ಕಲಸಿದ್ದು. ಒಡೆದ ಹಾಲಿನ ಹಾಗೆ ಆಗಿದೆ. ಎಲ್ಲ ತಳಕ್ಕೆ ಕೂತ್ಕೊಳ್ತಿದೆ."

ವಿಚಾರಿಸಿದರೆ ತಪ್ಪು ನನ್ನದೇ. ಬೋರ್ಡೋ ಮಾಡುವಾಗ ಮೈಲುತುತ್ತದ (ತಾಮ್ರದ ಸಲ್ಫೇಟಿನ) ನೀರನ್ನು ಸುಣ್ಣದ ನೀರಿಗೆ ಹುಯ್ಯಬೇಕು, ಸುಣ್ಣವನ್ನು ಮೈಲುತುತ್ತಕ್ಕಲ್ಲ. ಇದನ್ನು ಒತ್ತಿ ಹೇಳಲು ಹೋಗಿ ವಿಡಿಯೊದ ಶುರುವಿನಲ್ಲೇ ತಪ್ಪು ವಿಧಾನವನ್ನು ಹನ್ನೆರಡು ಸೆಕೆಂಡು ತೋರಿಸಿದ್ದೆ. ಹಿನ್ನೆಲೆಯಲ್ಲಿ "ಸುಣ್ಣದ ನೀರನ್ನು ಹೀಗೆ ಮೈಲುತುತ್ತದ ಡ್ರಮ್ಮಿಗೆ ಹುಯ್ಯಬೇಡಿ" ಎಂದು ನನ್ನ ಧ್ವನಿ. ರೈಟರ್ ವಿಡಿಯೊ ನೋಡಿದ್ದು ಪಂಪ್‌ಸೆಟ್ ಪಕ್ಕ ನಿಂತು. ಕಿವಿಗೆ ಏನೂ ಬಿದ್ದಿಲ್ಲ, ಕಣ್ಣಿಗೆ ಬಿದ್ದದ್ದನ್ನು ಮಾಡಿದ್ದಾರೆ.

ಅಂದಿನಿಂದ ನಾನು ವಿಡಿಯೊ ಮಾಡುವ ಕ್ರಮವನ್ನೇ ತಿರುಗಿಸಿಕೊಂಡೆ. ಮೊದಲು ಧ್ವನಿ, ಆಮೇಲೆ ಅದಕ್ಕೆ ತಕ್ಕ ಚಿತ್ರ. ಕೆಳಗಿನದೆಲ್ಲ ಆ ಕ್ರಮದಲ್ಲೇ ಇದೆ. ಉದಾಹರಣೆಗೆ ಬೋರ್ಡೋವನ್ನೇ ಇಟ್ಟುಕೊಂಡಿದ್ದೇನೆ. ನೀವು ಹೋಂಸ್ಟೇ ಹುಡುಗರಿಗೆ ಹಾಸಿಗೆ ಹಾಸುವುದನ್ನೋ, ಸಂಘದ ಮಹಿಳೆಯರಿಗೆ ಲೆಕ್ಕದ ಪುಸ್ತಕ ಬರೆಯುವುದನ್ನೋ ಕಲಿಸುವವರಾದರೂ ದಾರಿ ಇದೇ.

ಒಂದು ವಿಡಿಯೊಗೆ ಒಂದೇ ಕೆಲಸ

"ಕರಿಮೆಣಸಿನ ರೋಗ ನಿರ್ವಹಣೆ" ಎಂಬುದು ವಿಡಿಯೊ ಅಲ್ಲ, ಅದು ವಿಚಾರ ಸಂಕಿರಣ. "ನೂರು ಲೀಟರ್ ಬೋರ್ಡೋ ಕಲಸುವುದು" ಎಂಬುದು ವಿಡಿಯೊ. ನೋಡಿ ಮುಗಿಸಿದವರು ಎದ್ದು ಹೋಗಿ ಕೈಯಿಂದ ಏನು ಮಾಡಬಲ್ಲರು ಎಂಬುದನ್ನು ಒಂದು ಸಾಲಲ್ಲಿ ಬರೆಯಿರಿ. ಆ ಸಾಲಿನಲ್ಲಿ "ಮತ್ತು" ಬಂತೋ, ಎರಡು ವಿಡಿಯೊ ಮಾಡಿ.

ಉದ್ದ ಆರು ನಿಮಿಷ ಮೀರದಿರಲಿ. ಫಿಲಿಪ್ ಗುವೊ ಮತ್ತು ಜೊತೆಗಾರರು ಎಡ್‌ಎಕ್ಸ್ ಆನ್‌ಲೈನ್ ಪಾಠಗಳನ್ನು ಜನ ಸುಮಾರು 69 ಲಕ್ಷ ಸಲ ನೋಡಿದ ದಾಖಲೆಯನ್ನು ಜಾಲಾಡಿ 2014ರಲ್ಲಿ ಹೇಳಿದ್ದು ಇದನ್ನೇ: ವಿಡಿಯೊ ಎಷ್ಟೇ ಉದ್ದವಿದ್ದರೂ ಮಧ್ಯಮಾಂಕದ ಲೆಕ್ಕದಲ್ಲಿ ಜನ ನೋಡುವುದು ಹೆಚ್ಚೆಂದರೆ ಆರು ನಿಮಿಷ. ಅವರು ಕಾಲೇಜು ಪಾಠ ಕೇಳಲು ಕೂತವರು. ನಮ್ಮವರು ಕೈಗೆ ಗ್ಲೌಸ್ ಹಾಕಿಕೊಳ್ಳುತ್ತಾ ನೋಡುವವರು. ನಾಲ್ಕು ನಿಮಿಷಕ್ಕೆ ಮುಗಿಸಿದರೆ ಇನ್ನೂ ಒಳ್ಳೆಯದು.

ಬರೆಯುವುದು: ಇಲ್ಲಿ ಅರ್ಧ ದಿನ ಕೂರಿ

ಬಹಳ ಮಂದಿ ಈ ಹಂತ ಹಾರಿಸುತ್ತಾರೆ. "ಗೊತ್ತಿರೋ ವಿಷಯ, ಮಾತಾಡ್ತಾ ಹೋಗ್ತೀನಿ" ಎನ್ನುತ್ತಾರೆ. ಆಮೇಲೆ "ಏನಪ್ಪಾ ಅಂದ್ರೆ", "ಅಂದ್ರೆ ಈಗ" ಎಂಬುದನ್ನು ಒಂದೊಂದೇ ಕತ್ತರಿಸುತ್ತಾ ಎರಡು ರಾತ್ರಿ ಕಳೆಯುತ್ತಾರೆ. ನಾನೂ ಕಳೆದಿದ್ದೇನೆ.

ಕಾಗದವನ್ನು ಉದ್ದಕ್ಕೆ ಮಡಿಸಿ. ಎಡಗಡೆ ಹೇಳುವ ಮಾತು, ಬಲಗಡೆ ಆಗ ಕಾಣಬೇಕಾದ್ದು. ಎಡಗಡೆಯನ್ನು ಪೂರ್ತಿ ಬರೆದ ಮೇಲೆ ಬಲಕ್ಕೆ ಬನ್ನಿ. ಮೊದಲ ಸಲ ನಾನು ಬರೆದದ್ದು ಹೀಗಿತ್ತು: "ಒಂದು ಕಿಲೋಗ್ರಾಂ ತಾಮ್ರದ ಸಲ್ಫೇಟನ್ನು ಐವತ್ತು ಲೀಟರ್ ನೀರಿನಲ್ಲಿ ಸಂಪೂರ್ಣವಾಗಿ ಕರಗಿಸಿಕೊಳ್ಳತಕ್ಕದ್ದು." ಇಲಾಖೆಯ ಕರಪತ್ರ ಓದಿದ ಹಾಗೆ. ಈಗ ಇರುವುದು ಹೀಗೆ: "ಎರಡು ಪ್ಲಾಸ್ಟಿಕ್ ಡ್ರಮ್ ಇಟ್ಕೊಳ್ಳಿ. ಸುಣ್ಣದ್ದು ದೊಡ್ಡದಿರಲಿ, ಕೊನೆಗೆ ನೂರು ಲೀಟರೂ ಅದರಲ್ಲೇ ಸೇರಬೇಕು. ಎರಡಕ್ಕೂ ಐವತ್ತೈವತ್ತು ಲೀಟರ್ ನೀರು. ಚಿಕ್ಕದಕ್ಕೆ ಒಂದು ಕೆಜಿ ಮೈಲುತುತ್ತ. ದೊಡ್ಡದಕ್ಕೆ ಒಂದು ಕೆಜಿ ಸುಣ್ಣ." ತೋಟದಲ್ಲಿ ಯಾರೂ ತಾಮ್ರದ ಸಲ್ಫೇಟ್ ಎನ್ನುವುದಿಲ್ಲ. ಅಂಗಡಿಯಲ್ಲಿ ಕೇಳುವ ಹೆಸರೇ ವಿಡಿಯೊದಲ್ಲೂ ಬರಲಿ.

ಶೇಕಡಾ ಲೆಕ್ಕವನ್ನು ಬಾಯಲ್ಲಿ ಹೇಳಬೇಡಿ. ಮೆಣಸಿಗೆ ಒಂದು ಪರ್ಸೆಂಟ್, ಕಾಫಿಯ ತುಕ್ಕು ರೋಗಕ್ಕೆ ಅರ್ಧ ಪರ್ಸೆಂಟ್ ಎಂದರೆ ಕೇಳುವವರ ತಲೆಯಲ್ಲಿ ಎರಡೂ ಕಲಸಿಹೋಗುತ್ತದೆ. ನೂರು ಲೀಟರಿಗೆ ಒಂದು ಕೆಜಿ, ನೂರು ಲೀಟರಿಗೆ ಅರ್ಧ ಕೆಜಿ ಎಂದರೆ ತಕ್ಕಡಿಯೇ ಕಣ್ಣ ಮುಂದೆ ಬರುತ್ತದೆ.

ಇನ್ನೊಂದು ಸಂಗತಿಯನ್ನು ಇಂಗ್ಲಿಷಿನಲ್ಲಿರುವ ಯಾವ ಪಾಠದಲ್ಲೂ ನಾನು ಕಂಡಿಲ್ಲ, ಅವರಿಗೆ ಅದು ಬೇಕಾಗುವುದೂ ಇಲ್ಲ. ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. "ಮೈಲುತುತ್ತದ ನೀರನ್ನು ಸುಣ್ಣದ ಡ್ರಮ್ಮಿಗೆ ನಿಧಾನವಾಗಿ..." ಎನ್ನುವವರೆಗೂ ಹುಯ್ಯಬೇಕೋ ಸೋಸಬೇಕೋ ತಿಳಿಯುವುದಿಲ್ಲ. ಅದಕ್ಕಿಂತ ಅಪಾಯ, ಬೇಡ ಎನ್ನುವುದೂ ಕೊನೆಗೇ ಬರುತ್ತದೆ. "ಹುಯ್ಯ" ಎಂಬಲ್ಲಿ ನೆಟ್‌ವರ್ಕ್ ನಿಂತರೆ "ಬೇಡಿ" ಎಂಬುದು ಕೇಳುವುದೇ ಇಲ್ಲ. ಹಾಗಾಗಿ ಎಚ್ಚರಿಕೆಯನ್ನು ಮುಂದಕ್ಕೆ ತನ್ನಿ: "ಒಂದು ತಪ್ಪು ಮಾತ್ರ ಮಾಡಬೇಡಿ. ಸುಣ್ಣವನ್ನು ಮೈಲುತುತ್ತಕ್ಕೆ ಹಾಕೋದು." ವಾಕ್ಯಗಳನ್ನೂ ಚಿಕ್ಕದಾಗಿಡಿ. ಒಂದೇ ಉಸಿರಿಗೆ ಹೇಳಲಾಗದ ವಾಕ್ಯವನ್ನು ಎರಡು ಮಾಡಿ.

ಉದ್ದದ ಅಂದಾಜು: ಕಲಿಸುವ ನಿಧಾನದಲ್ಲಿ ನಾನು ನಿಮಿಷಕ್ಕೆ ತೊಂಬತ್ತು ಪದ ಓದುತ್ತೇನೆ. ನಾಲ್ಕು ನಿಮಿಷದ ವಿಡಿಯೊಗೆ 360 ಪದ ಎಂದು ಬರೆದರೆ ಉಸಿರುಗಟ್ಟುತ್ತದೆ. ನೋಡುವುದಕ್ಕೂ ಜಾಗ ಬೇಕಲ್ಲ, 250ಕ್ಕೆ ನಿಲ್ಲಿಸಿ. ಬರೆದದ್ದನ್ನು ಮನೆಯಲ್ಲಿ ಯಾರಿಗಾದರೂ ಜೋರಾಗಿ ಓದಿ ಹೇಳಿ. ನಾಲಿಗೆ ಎಡವಿದ ಕಡೆಯೆಲ್ಲ ತಿದ್ದಿ.

ಧ್ವನಿ ಹಿಡಿಯುವ ಜಾಗ

ಕೊಡಗಿನಲ್ಲಿ ಧ್ವನಿಗೆ ಶತ್ರುಗಳು ಬಹಳ. ಜೂನ್ ಬಂತೆಂದರೆ ಹೆಂಚಿನ ಮೇಲೆ, ಶೀಟಿನ ಮೇಲೆ ಮಳೆ. ಕಕ್ಕಡದಲ್ಲಿ, ಅಂದರೆ ಆಟಿಯ ಜೋರು ಮಳೆಯ ತಿಂಗಳಲ್ಲಿ, ಪಕ್ಕದಲ್ಲಿ ಕೂತವರ ಮಾತೇ ಕೇಳದು. ಬೇಸಿಗೆಯ ಸಂಜೆಗೆ ಜೀರುಂಡೆ. ಹಗಲಲ್ಲಿ ಯಾರದೋ ತೋಟದ ಮರ ಕುಯ್ಯುವ ಯಂತ್ರ. ಗೋಡೆಗಳೋ, ಸಿಮೆಂಟು ಬಳಿದು ನೆಲಕ್ಕೆ ಟೈಲ್ಸ್ ಹಾಕಿದ ಹೊಸ ಮನೆಯ ಹಾಲ್‌ನಲ್ಲಿ ಮಾತಾಡಿದರೆ ಬಾವಿಯೊಳಗಿಂದ ಕೂಗಿದ ಹಾಗೆ.

ಆದರೆ ನಮ್ಮಲ್ಲಿರುವಂಥ ಸ್ಟುಡಿಯೊ ಬೆಂಗಳೂರಿನವರಿಗೆ ಸಿಗಲಿಕ್ಕಿಲ್ಲ. ಫೆಬ್ರುವರಿಯಲ್ಲಿ ಕಣದಿಂದ ಒಣಗಿದ ಕಾಫಿ ಬಂದು ಗೋದಾಮಿನಲ್ಲಿ ಎದೆಯೆತ್ತರ ಮೂಟೆ ಪೇರಿಸಿರುತ್ತದಲ್ಲ, ಅದರ ನಡುವೆ ಒಬ್ಬರು ಕೂರುವಷ್ಟು ಸಂದಿ ಬಿಡಿಸಿಕೊಳ್ಳಿ. ಮೂರು ಕಡೆ ಗೋಣಿ, ಒಳಗೆ ಕಾಫಿ. ಪ್ರತಿಧ್ವನಿ ಎಂಬುದೇ ಇಲ್ಲ. ಚಪ್ಪಾಳೆ ತಟ್ಟಿ ನೋಡಿ, ಸದ್ದು ಅಲ್ಲೇ ಸತ್ತುಹೋಗುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಂದಿರುವುದಿಲ್ಲ, ಬೆಳಿಗ್ಗೆ ಆರರ ಹೊತ್ತಿಗೆ ಜೀರುಂಡೆಯ ಕಾಟವೂ ಇಲ್ಲ. ಮೇ ತಿಂಗಳಿಗೆ ಬೇಕಾದ ಬೋರ್ಡೋ ವಿಡಿಯೊದ ಧ್ವನಿಯನ್ನು ಫೆಬ್ರುವರಿಯಲ್ಲೇ ಹಿಡಿದಿಡುವುದು ನನಗೀಗ ಅಭ್ಯಾಸ. ಗೋದಾಮು ಇಲ್ಲದವರು ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರೆದುರು ಕೂರಿ, ಬೆನ್ನ ಹಿಂದೆ ರಗ್ಗು ನೇತುಹಾಕಿ.

ಮೈಕಿಗೆ ದೊಡ್ಡ ದುಡ್ಡು ಬೇಡ. ಫೋನಿಗೆ ಚುಚ್ಚುವ ಕಾಲರ್ ಮೈಕ್ ಸಾಕು, ಆದರೆ ಅದನ್ನು ಕಾಲರಿಗೆ ಸಿಕ್ಕಿಸಬೇಡಿ. ಕೋಲಿಗೆ ಕಟ್ಟಿ, ಬಾಯಿಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲದೆ ಸ್ವಲ್ಪ ಓರೆಯಲ್ಲಿ ಇಡಿ. ನೇರಕ್ಕಿಟ್ಟರೆ "ಪಂಪ್", "ಪೈಪ್" ಎಂದಾಗ ಗಾಳಿ ಬಡಿದು ಡಬ್ ಎನ್ನುತ್ತದೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಧ್ವನಿಯನ್ನು ಡಬ್ಲ್ಯೂಎವಿ ರೂಪದಲ್ಲಿ, 48 ಕಿಲೋಹರ್ಟ್ಸ್‌ನಲ್ಲಿ ಉಳಿಸಿ. ಎಂಪಿ3 ಆಮೇಲೆ ಬೇಕಾದರೆ ಮಾಡಿಕೊಳ್ಳಬಹುದು. ಮಟ್ಟ ತೋರಿಸುವ ಪಟ್ಟಿ ಇರುವ ಆ್ಯಪ್ ಆದರೆ ಜೋರು ಮಾತಿಗೆ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಆಡಲಿ. ಸೊನ್ನೆ ಮುಟ್ಟಿ ಸೀಳಿದ ಧ್ವನಿಯನ್ನು ಸರಿಪಡಿಸುವುದು ಬಹಳ ಕಷ್ಟ.

ಮನೆಯೊಳಗೆ ಮಾಡುವುದಾದರೆ ಫ್ರಿಜ್ ಆರಿಸಿ, ಅದರ ಗುಂಯ್ ಸದ್ದು ಕಿವಿಗಿಂತ ಮೈಕಿಗೆ ಚೆನ್ನಾಗಿ ಕೇಳುತ್ತದೆ. ಮುಗಿದ ಮೇಲೆ ಮತ್ತೆ ಹಾಕುವುದನ್ನು ಮರೆಯಬೇಡಿ. ಭಾನುವಾರಕ್ಕೆಂದು ತಂದಿಟ್ಟ ಎರಡು ಕೆಜಿ ಪಂದಿ (ಹಂದಿ ಮಾಂಸ) ನಮ್ಮ ಮನೆಯಲ್ಲಿ ಹಾಗೆ ಹಾಳಾಗಿದೆ, ಅದರ ಮಾತು ಇನ್ನೂ ನಿಂತಿಲ್ಲ. ಓದುವ ಮುಂಚೆ ಹಾಲಿನ ಕಾಫಿ ಕುಡಿದರೆ ನನಗೆ ಗಂಟಲು ಅಂಟುತ್ತದೆ. ಬೆಲ್ಲದ ಕರಿ ಕಾಫಿಗೆ ಆ ತೊಂದರೆ ಇಲ್ಲ.

ಓದು ಹೀಗೆ: ಮೊದಲು ಅರ್ಧ ನಿಮಿಷ ಸುಮ್ಮನೆ ಕೂತು ಆ ಜಾಗದ ಮೌನವನ್ನೇ ರೆಕಾರ್ಡ್ ಮಾಡಿ, ಮುಂದೆ ಬೇಕಾಗುತ್ತದೆ. ಆಮೇಲೆ ಓದಲು ಶುರು. ತಪ್ಪಿದರೆ ನಿಲ್ಲಿಸಬೇಡಿ. ಒಂದು ಚಪ್ಪಾಳೆ ತಟ್ಟಿ, ಆ ವಾಕ್ಯವನ್ನು ಮೊದಲಿಂದ ಹೇಳಿ. ಎಡಿಟ್ ಮಾಡುವಾಗ ಚಪ್ಪಾಳೆ ಇರುವಲ್ಲೆಲ್ಲ ಅಲೆಯ ಗೆರೆ ಕಂಬದ ಹಾಗೆ ಎದ್ದು ನಿಂತಿರುತ್ತದೆ, ತಪ್ಪುಗಳನ್ನು ಕೇಳಿ ಹುಡುಕಬೇಕಿಲ್ಲ. ಎದುರಿಗೆ ಒಬ್ಬ ವ್ಯಕ್ತಿಯನ್ನು ಕಲ್ಪಿಸಿಕೊಳ್ಳಿ. ನಾನು ಆ ರೈಟರನ್ನೇ ಕೂರಿಸಿಕೊಳ್ಳುತ್ತೇನೆ. "ವೀಕ್ಷಕರೇ" ಎಂದ ತಕ್ಷಣ ಧ್ವನಿ ಆಕಾಶವಾಣಿಯದಾಗಿಬಿಡುತ್ತದೆ.

ಕಂಪ್ಯೂಟರಿನ ಧ್ವನಿಯೂ ಕನ್ನಡದಲ್ಲಿ ಸಿಗುತ್ತದೆ. ಉದ್ದ ಅಳೆಯಲು ಕಚ್ಚಾ ಓದಿಗೆ ಅದನ್ನು ಬಳಸಿ, ನನ್ನ ಅಭ್ಯಂತರವಿಲ್ಲ. ಕೊನೆಯದಕ್ಕೆ ಬೇಡ. ಊರಿನವರ ಬಾಯಲ್ಲಿ ಬಂದ ಮಾತಿಗೆ ತೋಟದಲ್ಲಿ ಇರುವ ಬೆಲೆಯೇ ಬೇರೆ.

ಧ್ವನಿ ತೊಳೆಯುವುದು

ಇದು ಬೇಗ ಮುಗಿಯುವ ಕೆಲಸ. ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. ತಪ್ಪು ವಾಕ್ಯಗಳನ್ನು ಕತ್ತರಿಸಿ. ಮೊದಲು ಹಿಡಿದ ಮೌನದ ತುಂಡನ್ನು ಆಯ್ದು ನಾಯ್ಸ್ ರಿಡಕ್ಷನ್‌ಗೆ ಮಾದರಿಯಾಗಿ ಕೊಟ್ಟು, ಇಡೀ ಧ್ವನಿಗೆ 6ರಿಂದ 12 ಡೆಸಿಬಲ್‌ವರೆಗೆ ಅನ್ವಯಿಸಿ. ಅದಕ್ಕಿಂತ ಹೆಚ್ಚು ಮಾಡಿದರೆ ಮಾತು ನೀರೊಳಗಿಂದ ಬಂದ ಹಾಗಾಗುತ್ತದೆ, ಅದಕ್ಕಿಂತ ಸ್ವಲ್ಪ ಗುಂಯ್ ಇದ್ದರೇ ವಾಸಿ. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಹೈ ಪಾಸ್ ಫಿಲ್ಟರಿನಲ್ಲಿ ಸೋಸಿ. ಕೊನೆಗೆ ಲೌಡ್‌ನೆಸ್ ನಾರ್ಮಲೈಸೇಷನ್‌ನಲ್ಲಿ ಮೈನಸ್ 16 ಇಡಿ, ಆಗ ನಿಮ್ಮ ಎಲ್ಲ ವಿಡಿಯೊಗಳೂ ಒಂದೇ ಜೋರಿನಲ್ಲಿ ಕೇಳುತ್ತವೆ. ಹಿನ್ನೆಲೆ ಸಂಗೀತ ಹಾಕಬೇಡಿ. ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಮುಂದೆ ಫೋನಿನ ಸ್ಪೀಕರಿನಲ್ಲಿ ಕೇಳುವವರಿಗೆ ಕೊಳಲೂ ಮಾತೂ ಒಂದೇ ಗದ್ದಲ.

ಚಿತ್ರ

ಈಗ ಧ್ವನಿ ಕಿವಿಯಲ್ಲಿದೆ, ಎಷ್ಟು ಹೊತ್ತಿನ ಚಿತ್ರ ಬೇಕೆಂದು ಗೊತ್ತಿದೆ. ಇಯರ್‌ಫೋನಿನಲ್ಲಿ ವಾಕ್ಯ ಕೇಳುತ್ತಾ ಶೂಟ್ ಮಾಡಿ. ಫೋನ್ ಅಡ್ಡ ಹಿಡಿಯಿರಿ, ಸ್ಟ್ಯಾಂಡಿಗೆ ಬಿಗಿಯಿರಿ. ಪ್ರತಿ ದೃಶ್ಯವನ್ನೂ ಕೆಲಸ ಶುರುವಾಗುವ ಐದು ಸೆಕೆಂಡು ಮುಂಚೆ ಹಿಡಿದು, ಮುಗಿದು ಐದು ಸೆಕೆಂಡು ಆದ ಮೇಲೆ ಬಿಡಿ. ಒಳಾಂಗಣದಲ್ಲಿ ಟ್ಯೂಬ್‌ಲೈಟ್ ಮಿನುಗಿದರೆ ಫ್ರೇಮ್ ದರವನ್ನು 25ಕ್ಕೆ, ಷಟರನ್ನು ಐವತ್ತರಲ್ಲಿ ಒಂದು ಸೆಕೆಂಡಿಗೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್‌ನದು.

ಕ್ಯಾಮೆರಾ ಕೆಲಸ ಮಾಡುವವರ ಹೆಗಲ ಹಿಂದೆ ಇರಲಿ, ಎದುರಿಗಲ್ಲ. ಎದುರಿನಿಂದ ತೆಗೆದರೆ ಎಡ ಬಲ ಅದಲು ಬದಲಾಗಿ, ನೋಡುವವರು ತಲೆಯೊಳಗೆ ತಿರುಗಿಸಿಕೊಳ್ಳಬೇಕು. ಮುಖ ಬೇಡ, ಕೈ ಬೇಕು.

ಎಲ್ಲಿ ಹತ್ತಿರ ಹೋಗಬೇಕು ಎಂಬುದಕ್ಕೆ ಬೋರ್ಡೋದಲ್ಲೇ ಒಂದು ದೃಶ್ಯವಿದೆ. ಕಲಸಿ ಮುಗಿದ ಮೇಲೆ ಚೆನ್ನಾಗಿ ಉಜ್ಜಿ ಹೊಳೆಯುವ ಕತ್ತಿಯ ತುದಿಯನ್ನು ಒಂದು ನಿಮಿಷ ಅದ್ದಿ ತೆಗೆಯುವುದು. ಕಬ್ಬಿಣದ ಮೇಲೆ ಕೆಂಪಗೆ ತಾಮ್ರದ ಬಣ್ಣ ಹಿಡಿದಿದ್ದರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ನೀರು ಹಾಕಬೇಕು. ಇಲ್ಲಿ ನಾನು ಕತ್ತಿಯ ತುದಿ ಪರದೆಯ ಅರ್ಧ ತುಂಬುವಷ್ಟು ಹತ್ತಿರ ಹೋದೆ. ಅದ್ದುವ ಮುಂಚಿನ ಕತ್ತಿ ಎಡಕ್ಕೆ, ಅದ್ದಿ ತೆಗೆದದ್ದು ಬಲಕ್ಕೆ. ಬೇಕೆಂದೇ ಸುಣ್ಣ ಕಡಿಮೆ ಹಾಕಿದ ಒಂದು ಬಕೆಟ್ ಬೇರೆ ಮಾಡಿಟ್ಟು, ಕೆಂಪು ಹಿಡಿದ ಕತ್ತಿಯನ್ನೂ ತೆಗೆದೆ. ನೀಲಿ ನೀರು ಜಾರಿ ಹೋಗಿ, ಕೆಳಗಿನಿಂದ ಆ ಮಾಸಲು ಕೆಂಪು ಕಾಣುವ ಹೊತ್ತಿಗೆ ಮಾತು ನಿಲ್ಲಿಸಿದ್ದೇನೆ. ಐದು ಸೆಕೆಂಡು ಮೌನ. "ಕೆಂಪು ಕಂಡರೆ ಹೊಡೀಬೇಡಿ" ಎಂಬುದು ಆಮೇಲೆ. ತಪ್ಪನ್ನು ತೋರಿಸಲೇಬೇಕಾದ ಜಾಗ ಇದೊಂದೇ. ಅಲ್ಲೂ ಇಡೀ ಚಿತ್ರದ ಮೇಲೆ ಕೆಂಪು ಅಡ್ಡಗೆರೆ ಇದೆ, ಸದ್ದಿಲ್ಲದೆ ನೋಡಿದರೂ ತಿಳಿಯಬೇಕು.

ಡ್ರಮ್ಮು ಪ್ಲಾಸ್ಟಿಕ್ಕಿನದು, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಇವೆಲ್ಲ ಪ್ರತಿ ದೃಶ್ಯದಲ್ಲೂ ಇರಬೇಕು, ನೀವು ಹೇಳದ್ದನ್ನೂ ಜನ ನೋಡಿ ಕಲಿಯುತ್ತಾರೆ. ಮಳೆಗಾಲದಲ್ಲಿ ಕ್ಯಾಮೆರಾ, ಮೈಕುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಇಲ್ಲದಿದ್ದರೆ ನಮ್ಮ ತೇವಕ್ಕೆ ಲೆನ್ಸಿನ ಒಳಗೆ ಬೂಸ್ಟು ಜೇಡರ ಬಲೆಯ ಹಾಗೆ ಹಬ್ಬುತ್ತದೆ.

ಕಂಪ್ಯೂಟರ್ ಕೆಲಸ ಕಲಿಸುವವರಿಗೆ ಶೂಟಿಂಗ್ ಬೇಡ. ಓಬಿಎಸ್ ಸ್ಟುಡಿಯೊದಲ್ಲಿ ಪರದೆಯನ್ನೇ ರೆಕಾರ್ಡ್ ಮಾಡಬಹುದು. ಮೌಸನ್ನು ಗಾಳಿಪಟದ ಹಾಗೆ ಆಡಿಸಬೇಡಿ. ನಿಮ್ಮ ಆಧಾರ್ ಸಂಖ್ಯೆ, ಒಟಿಪಿ ಕಾಣದ ಹಾಗೆ ಮೊದಲೇ ನೋಡಿಕೊಳ್ಳಿ.

ಜೋಡಿಸುವುದು

ಕೆಡೆನ್‌ಲೈವ್, ಡವಿಂಚಿ ರಿಸಾಲ್ವ್ ಎರಡೂ ಉಚಿತವಾಗಿ ಸಿಗುತ್ತವೆ. ಹಳೆಯ ಲ್ಯಾಪ್‌ಟಾಪ್‌ಗೆ ಮೊದಲನೆಯದು ಹಗುರ. ಧ್ವನಿಯ ಪಟ್ಟಿಯನ್ನು ಮೊದಲು ಹಾಸಿ, ಮೇಲೆ ಚಿತ್ರ ಇಡುತ್ತಾ ಹೋಗಿ. ಕ್ಯಾಮೆರಾದ ಸ್ವಂತ ಸದ್ದನ್ನು ಪೂರ್ತಿ ತೆಗೆಯಬೇಡಿ, ನೀರು ಬೀಳುವ ಸದ್ದು ಮೆಲ್ಲಗೆ ಉಳಿದರೆ ಚಿತ್ರಕ್ಕೆ ಜೀವ ಇರುತ್ತದೆ.

ಕ್ರಿಯಾಪದದ ಮಾತು ಇಲ್ಲಿ ಮತ್ತೆ ಬರುತ್ತದೆ. "ಮೈಲುತುತ್ತದ ನೀರನ್ನು" ಎಂದಾಗ ನೀಲಿ ನೀರು ಕಾಣಲಿ. "ಸುಣ್ಣದ ಡ್ರಮ್ಮಿಗೆ" ಎಂದಾಗ ಬಿಳಿ ನೀರು. "ನಿಧಾನವಾಗಿ" ಎಂದಾಗ ಜಗ್ ಓರೆಯಾಗಲಿ, ಧಾರೆ ಬೀಳುವುದು "ಹುಯ್ಯಿರಿ" ಎಂಬುದಕ್ಕೆ. ನೀರು ಮೊದಲೇ ಬಿದ್ದುಬಿಟ್ಟರೆ ಕಣ್ಣು ಮುಂದೆ, ಕಿವಿ ಹಿಂದೆ. ಹುಯ್ಯಿರಿ ಎಂದ ಮೇಲೆ ಮೂರು ನಾಲ್ಕು ಸೆಕೆಂಡು ಸುಮ್ಮನೆ ಕಲಕುವುದನ್ನು ತೋರಿಸಿ.

ಹೇಳಿದ್ದನ್ನೇ ಪರದೆಯ ಮೇಲೆ ಬರೆಯುವ ಚಟ ಬಿಡಿ. ಚಿತ್ರ ಮತ್ತು ಮಾತು ಎರಡೇ ಇದ್ದಾಗಿನದಕ್ಕಿಂತ ಅದೇ ಮಾತು ಅಕ್ಷರದಲ್ಲೂ ಬಂದಾಗ ಕಲಿಕೆ ಕುಂದಬಹುದೆಂದು ಕಲಿಕೆಯ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಪ್ರಯೋಗಗಳಿಂದ ತೋರಿಸಿದ್ದಾರೆ. ಅಂಕಿ ಮಾತ್ರ ಬರಲಿ: 1 ಕೆಜಿ, 50 ಲೀಟರ್, 1 ನಿಮಿಷ.

ಅಕ್ಷರ ಹಾಕದಿರಲು ಇಲ್ಲಿ ಇನ್ನೊಂದು ಕಾರಣವಿದೆ. ನಮ್ಮ ತೋಟಗಳಲ್ಲಿ ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ ಎಲ್ಲ ಕೇಳುತ್ತವೆ. ಈಗ ಅಸ್ಸಾಮಿನಿಂದ ಬಂದವರೂ ಲೈನ್ ಮನೆಗಳಲ್ಲಿದ್ದಾರೆ. ಚಿತ್ರದಲ್ಲಿ ಮಾತಾಡುವ ಮುಖವೂ ಕನ್ನಡದ ಅಕ್ಷರವೂ ಇಲ್ಲದಿದ್ದರೆ ಅದೇ ಚಿತ್ರಕ್ಕೆ ಹಿಂದಿಯ ಧ್ವನಿ ಕೂರಿಸಲು ಒಂದು ಸಂಜೆ ಸಾಕು. ಅಂಕಿಗಳು ಎಲ್ಲರಿಗೂ ಓದಲು ಬರಲೆಂದು ವಿಡಿಯೊದೊಳಗೆ 1, 2, 3 ರೂಪದಲ್ಲೇ ಇಡಿ. ಹಿಂದಿಯ ಧ್ವನಿ ನಿಮ್ಮದಕ್ಕಿಂತ ಉದ್ದವಾದರೆ, ಹಿಂದೆ ಮುಂದೆ ಹಿಡಿದಿಟ್ಟ ಐದೈದು ಸೆಕೆಂಡು ಆಗ ನೆರವಿಗೆ ಬರುತ್ತದೆ. ಬೇರೆ ಭಾಷೆಗೆ ಕಾಗದ ಕೊಟ್ಟು ಓದಿಸಬೇಡಿ. ಆ ಭಾಷೆಯ ಮೇಸ್ತ್ರಿಗೆ ಚಿತ್ರ ತೋರಿಸಿ, ಅವರ ಮಾತಲ್ಲೇ ಹೇಳಿಸಿ.

ಕಿವಿ ಕೇಳದವರಿಗೆ, ಗದ್ದಲದಲ್ಲಿ ನೋಡುವವರಿಗೆ ಅಡಿಬರಹ ಬೇಕು. ಅದನ್ನು ಚಿತ್ರಕ್ಕೆ ಅಂಟಿಸದೆ ಪ್ರತ್ಯೇಕ ಎಸ್‌ಆರ್‌ಟಿ ಕಡತವಾಗಿ ಕೊಡಿ, ಬೇಕಾದವರು ಹಾಕಿಕೊಳ್ಳಲಿ. ಯೂನಿಕೋಡಿನಲ್ಲೇ ಟೈಪ್ ಮಾಡಿ, ಹಳೆಯ ಫಾಂಟಿನದು ಬೇರೆ ಕಡೆ ಕಸದ ಹಾಗೆ ಕಾಣುತ್ತದೆ. ಪರದೆಯ ಮೇಲೆ ಕನ್ನಡ ಶೀರ್ಷಿಕೆ ಹಾಕುವುದಿದ್ದರೆ ಮೊದಲು "ಬೋರ್ಡೋ", "ಮೈಲುತುತ್ತ" ಎಂಬೆರಡನ್ನು ಹೊಡೆದು ನೋಡಿ. ಕೆಲವು ಮೊಬೈಲ್ ಎಡಿಟರುಗಳಲ್ಲಿ ಅರ್ಕಾವೊತ್ತು ಎಲ್ಲೋ ಹಾರಿ, ತಾವೊತ್ತು ಪಕ್ಕಕ್ಕೆ ಬಂದು ಕೂತಿರುತ್ತದೆ. ಹಾಗಾದರೆ ಶೀರ್ಷಿಕೆಯನ್ನು ಬೇರೆಡೆ ಚಿತ್ರವಾಗಿ ಮಾಡಿ ತನ್ನಿ.

ಕಳಿಸುವ ಮುಂಚೆ, ಕಳಿಸಿದ ಮೇಲೆ

ಇಬ್ಬರಿಗೆ ತೋರಿಸಿ. ಒಬ್ಬರಿಗೆ ಸದ್ದು ಬಂದ್ ಮಾಡಿ ಚಿತ್ರ ಮಾತ್ರ. ಇನ್ನೊಬ್ಬರಿಗೆ ಫೋನ್ ಕವುಚಿ ಹಾಕಿ ಧ್ವನಿ ಮಾತ್ರ. ಇಬ್ಬರೂ ಕೆಲಸವನ್ನು ಮಾಡಿ ತೋರಿಸಲಿ, "ಅರ್ಥ ಆಯ್ತು" ಎಂಬ ಮಾತನ್ನು ನಂಬಬೇಡಿ. ಆ ರೈಟರಿಗೆ ಈಗ ನನ್ನ ಪ್ರತಿ ವಿಡಿಯೊವೂ ಸದ್ದಿಲ್ಲದೆ ಮೊದಲು ಹೋಗುತ್ತದೆ. ಕಳೆದ ಸಲ "ಇದ್ರಲ್ಲಿ ಯಾವ ಡ್ರಮ್ ಸುಣ್ಣದ್ದು ಅಂತ ಗೊತ್ತಾಗ್ತಿಲ್ಲ ಸಾರ್" ಎಂದರು. ಎರಡೂ ಡ್ರಮ್ಮು ನೀಲಿ ಬಣ್ಣದವು, ನನಗೆ ಹೊಳೆದಿರಲೇ ಇಲ್ಲ. ಒಂದಕ್ಕೆ ಬಿಳಿ ಪಟ್ಟಿ ಬಳಿದು ಮತ್ತೆ ಶೂಟ್ ಮಾಡಿದೆ.

ಗಾತ್ರ: ನಾಲ್ಕು ನಿಮಿಷದ ವಿಡಿಯೊವನ್ನು 720ಪಿಯಲ್ಲಿ, ಸೆಕೆಂಡಿಗೆ 1.5 ಮೆಗಾಬಿಟ್ ದರದಲ್ಲಿ ತೆಗೆದರೆ ಸುಮಾರು 45 ಎಂಬಿ. ಯೂಟ್ಯೂಬಿಗೆ ಏರಿಸುವುದಾದರೆ 1080ಪಿ ಕೊಡಿ, ವಿವರಣೆಯಲ್ಲಿ 00:00ರಿಂದ ಶುರುಮಾಡಿ ಕನಿಷ್ಠ ಮೂರು ಹಂತದ ಸಮಯ ಬರೆಯಿರಿ. ಕತ್ತಿಯ ಪರೀಕ್ಷೆಯನ್ನಷ್ಟೇ ಮತ್ತೆ ನೋಡಬೇಕಾದವರು ನೇರ ಅಲ್ಲಿಗೆ ಹೋಗುತ್ತಾರೆ. ಆದರೆ ತೋಟದೊಳಗೆ ನೆಟ್‌ವರ್ಕ್ ಇರುವುದಿಲ್ಲ, ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ. ಹಾಗಾಗಿ ವಾಟ್ಸ್ಆ್ಯಪಿನಲ್ಲೂ ಕಳಿಸಿ, ವಿಡಿಯೊ ಎಂದಲ್ಲದೆ ಡಾಕ್ಯುಮೆಂಟ್ ಎಂದು. ವಿಡಿಯೊ ಎಂದು ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ, ಕತ್ತಿಯ ಮೇಲಿನ ಕೆಂಪು ಕಾಣದೇ ಹೋಗಬಹುದು.

ಮೂಲ ಧ್ವನಿ, ಮೂಲ ಚಿತ್ರ, ಎಡಿಟಿಂಗ್ ಕಡತ ಮೂರನ್ನೂ ತಾರೀಖು ಹಾಕಿ ಎರಡು ಕಡೆ ಇಡಿ. ಮುಂದಿನ ವರ್ಷ ಒಂದು ಅಳತೆ ಬದಲಾದರೆ ಆ ವಾಕ್ಯವನ್ನಷ್ಟೇ ಮತ್ತೆ ಓದಿ ಸೇರಿಸಿದರಾಯಿತು. ಅದೇ ಮೈಕು, ಅದೇ ಒಂದು ಗೇಣು, ಅದೇ ಜಾಗ ಇರಬೇಕು, ಇಲ್ಲದಿದ್ದರೆ ತೇಪೆ ಕೇಳಿಸುತ್ತದೆ. ಜುಲೈಯಲ್ಲಿ ತಿದ್ದಲು ಹೋದಾಗ ನನಗೆ ಆಗಿದ್ದು ಅದೇ: ಕಾಫಿ ಮಾರಾಟವಾಗಿ ಗೋದಾಮು ಖಾಲಿ, ಧ್ವನಿ ಗಣಗಣ. ಈಗ ಹತ್ತಿಪ್ಪತ್ತು ಹಳೆಯ ಗೋಣಿಚೀಲಕ್ಕೆ ಕಾಫಿ ಸಿಪ್ಪೆ ತುಂಬಿಸಿ ಮೂಲೆಯಲ್ಲಿ ಇಟ್ಟುಕೊಂಡಿದ್ದೇನೆ. ಇಲಿ ಸೇರದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ.